ಅಬಾಬೀಲ್ ಹಕ್ಕಿಗಳು ಈಗೇಕೆ ಬರುವುದಿಲ್ಲ?

ಯುದ್ಧದ ಸುದ್ದಿ ಬಂದಾಗಲೆಲ್ಲ ಮದ್ರಸದ ಮಕ್ಕಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. 2023ರ ಕೊನೆಯಲ್ಲಿ ಗಾಝಾದ ಚಿತ್ರಗಳು ಮನೆಮನೆಯ ಟಿ.ವಿ.ಯಲ್ಲಿ ಕಾಣತೊಡಗಿದಾಗಲೂ ಬಂತು. ಅಲ್‌ಫೀಲ್ ಅಧ್ಯಾಯವನ್ನು ಕಂಠಪಾಠ ಮಾಡಿದ ಎಂಟು ಹತ್ತು ವರ್ಷದ ಹುಡುಗ, ತನ್ನಷ್ಟೇ ವಯಸ್ಸಿನ ಮಕ್ಕಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದನ್ನು ರಾತ್ರಿ ನೋಡಿರುತ್ತಾನೆ. ಬೆಳಿಗ್ಗೆ ಪಾಠಕ್ಕೆ ಮೊದಲೇ ಕೇಳುತ್ತಾನೆ: "ಹಜ್ರತ್, ಅಬಾಬೀಲ್ ಹಕ್ಕಿಗಳು ಈಗೇಕೆ ಬರುವುದಿಲ್ಲ?"

ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ, ದೊಡ್ಡವರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಹಾಗೆ ಇಟ್ಟುಕೊಂಡ ಪ್ರಶ್ನೆ ಎರಡು ಕಡೆಗೆ ಬೆಳೆಯಬಲ್ಲದು. ಕೆಲವರಲ್ಲಿ ಅದು ಅಲ್ಲಾಹನ ಸಾಮರ್ಥ್ಯದ ಬಗೆಗಿನ ಸಂದೇಹವಾಗುತ್ತದೆ. ಇನ್ನು ಕೆಲವರು, ತಮಗೆ ಆಗದವರ ನಾಡಿನಲ್ಲಿ ಭೂಕಂಪವೋ ನೆರೆಯೋ ಆದೊಡನೆ 'ನೋಡಿದಿರಾ, ದೇವಶಿಕ್ಷೆ!' ಎಂದು ಸಂತೋಷಪಡಲು ಕಲಿಯುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ. ಏಕೆಂದರೆ ಅದು ದೇವಭಕ್ತಿಯ ವೇಷದಲ್ಲಿ ಬರುತ್ತದೆ.

ಈ ವಿಷಯವನ್ನು ನಾನು ಒಂದು ಇಂಗ್ಲಿಷ್ ಪದ್ಯದ ಮೂಲಕ ಚರ್ಚಿಸಬೇಕೆಂದಿದ್ದೇನೆ. ಮದ್ರಸದಲ್ಲಿ ಓದಿ ಆಮೇಲೆ ಕನ್ನಡ ಬಿ.ಎ. ಮಾಡಿದವನಿಗೆ ಇಂಥ ಹಾದಿ ಸಹಜವೆಂದು ಓದುಗರು ಕ್ಷಮಿಸಬೇಕು. ಸನ್ಹೇರೀಬನ ಸೈನ್ಯದ ವಿನಾಶವನ್ನು ಕುರಿತು ಬೈರನ್ ಕವಿ ಬರೆದ ಆ ಪದ್ಯ 1815ರಲ್ಲಿ 'ಹೀಬ್ರೂ ಮೆಲೊಡೀಸ್' ಎಂಬ ಸಂಗ್ರಹದಲ್ಲಿ ಅಚ್ಚಾಯಿತು. ಐಸಾಕ್ ನಾಥನ್ ಎಂಬ ಯಹೂದಿ ಸಂಗೀತಗಾರರ ರಾಗಗಳಿಗೆಂದು ಬರೆದ ಹಾಡುಗಳ ಸಂಗ್ರಹವದು. ಬೈರನ್, ಶೆಲ್ಲಿ, ವರ್ಡ್ಸ್‌ವರ್ತ್ ಮುಂತಾದವರನ್ನು ಇಂಗ್ಲಿಷಿನಲ್ಲಿ ರೊಮ್ಯಾಂಟಿಕ್ ಕವಿಗಳೆನ್ನುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದ ಮೇಲೆ ಆ ಕಾವ್ಯದ ಗಾಳಿ ಕನ್ನಡಕ್ಕೂ ಬೀಸಿ ನವೋದಯವಾಯಿತೆಂಬುದು ಸಾಹಿತ್ಯ ಓದಿದವರಿಗೆಲ್ಲ ತಿಳಿದದ್ದೇ.

ಪದ್ಯದ ಕಥೆ ಬೈಬಲ್‌ನಲ್ಲಿ, ಅರಸುಗಳ ಎರಡನೆಯ ಗ್ರಂಥದಲ್ಲಿ ಇದೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ದೊರೆ ಸನ್ಹೇರೀಬನು ಯೂದಾಯದ ಊರುಗಳನ್ನೆಲ್ಲ ಗೆದ್ದು ಜೆರೂಸಲೇಮಿನ ಮೇಲೆ ಬಂದನು. ಅಲ್ಲಿನ ಅರಸ ಹಿಜ್ಕೀಯನು ದೇವರ ಮೊರೆಹೊಕ್ಕನು. ಒಂದೇ ರಾತ್ರಿಯಲ್ಲಿ ದೇವದೂತನೊಬ್ಬನು ಪಾಳೆಯದಲ್ಲಿ 1,85,000 ಮಂದಿಯನ್ನು ಸಾಯಿಸಿದನು, ಬೆಳಗಾದಾಗ ಎಲ್ಲೆಲ್ಲೂ ಹೆಣಗಳಿದ್ದವು ಎಂದು ಅಲ್ಲಿ ಹೇಳಲಾಗಿದೆ.

ಇಷ್ಟನ್ನು ಬೈರನ್ ಆರು ಚಿಕ್ಕ ಪದ್ಯಗಳಲ್ಲಿ, ಒಟ್ಟು 24 ಸಾಲುಗಳಲ್ಲಿ ಹೇಳಿ ಮುಗಿಸುತ್ತಾನೆ. ಅದನ್ನು ಗಟ್ಟಿಯಾಗಿ ಓದಿದರೆ ಕುದುರೆ ನಾಗಾಲೋಟದಲ್ಲಿ ಓಡಿದ ಸದ್ದು ಕೇಳುತ್ತದೆ. ಎರಡು ಹಗುರ ಹೆಜ್ಜೆ, ಒಂದು ಭಾರದ ಹೆಜ್ಜೆ, ಮತ್ತೆ ಎರಡು ಹಗುರ, ಒಂದು ಭಾರ. ಇಡೀ ಪದ್ಯ ಹೀಗೆಯೇ ಸಾಗುತ್ತದೆ. ಮೊದಲಿಗೆ ಕುರಿಮಂದೆಯ ಮೇಲೆ ಬೀಳುವ ತೋಳದ ಹೋಲಿಕೆ, ಚಿನ್ನದ ಹೊಳಪು, ಈಟಿಗಳ ಮಿನುಗು. ಬೇಸಿಗೆಯ ಕಾಡಿನ ಎಲೆಗಳಷ್ಟಿದ್ದ ಸೈನ್ಯ ಒಂದು ರಾತ್ರಿ ಕಳೆಯುವುದರೊಳಗೆ ಉದುರಿದ ಎಲೆಗಳಾಗಿ ಬಿದ್ದಿದೆ. ಮರಣದ ದೂತನು ಹಾದುಹೋಗುತ್ತ ಉಸಿರು ಬಿಟ್ಟನು, ಅಷ್ಟೆ. ಆಮೇಲೆ ಕವಿ ನಿಧಾನವಾಗಿ ಸತ್ತ ಕುದುರೆಯ ಮೂಗಿನ ಹೊಳ್ಳೆಯನ್ನು, ತಣ್ಣಗಾದ ನೊರೆಯನ್ನು, ಸವಾರನ ಹುಬ್ಬಿನ ಮೇಲಿನ ಇಬ್ಬನಿಯನ್ನು, ತುಕ್ಕು ಹಿಡಿದ ಕವಚವನ್ನು ತೋರಿಸುತ್ತಾನೆ. ಕೊನೆಯ ಪದ್ಯದಲ್ಲಿ ಅಶ್ಶೂರದ ವಿಧವೆಯರ ಅಳು, ಮುರಿದ ವಿಗ್ರಹಗಳು, ದೇವರ ನೋಟಕ್ಕೆ ಕರಗಿಹೋದ ಹಿಮದಂಥ ಸೈನ್ಯಬಲ.

ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಈ ಯುದ್ಧದ ಪದ್ಯದಲ್ಲಿ ಯುದ್ಧವೇ ಇಲ್ಲ. ಯಾರೂ ಕತ್ತಿ ಎತ್ತುವುದಿಲ್ಲ, ಜೆರೂಸಲೇಮಿನ ಒಬ್ಬ ಸೈನಿಕನೂ ಕಾಣಿಸಿಕೊಳ್ಳುವುದಿಲ್ಲ. ಗೆದ್ದವರೇ ಇಲ್ಲದ ಗೆಲುವು ಅದು. ಓದುವ ಮುಸ್ಲಿಮನಿಗೆ ಆಗಲೇ ಅಬ್ರಹನ ಸೈನ್ಯ ನೆನಪಾಗುತ್ತದೆ.

ಅಲ್‌ಫೀಲ್ ಅಧ್ಯಾಯದಲ್ಲಿ ಐದೇ ಸೂಕ್ತಗಳು. ಯಮನಿನ ಅಧಿಪತಿ ಅಬ್ರಹನು ಸನಾದಲ್ಲಿ ಭವ್ಯವಾದ ಇಗರ್ಜಿ ಕಟ್ಟಿಸಿ, ಜನರು ಅದಕ್ಕೇ ಬರಬೇಕೆಂದು ಕಅಬಾವನ್ನು ಕೆಡವಲು ಆನೆಯೊಂದಿಗೆ ಹೊರಟದ್ದು, ಅಬ್ದುಲ್ ಮುತ್ತಲಿಬರು ತಮ್ಮ ಇನ್ನೂರು ಒಂಟೆಗಳನ್ನು ಮಾತ್ರ ವಾಪಸು ಕೇಳಿ, ಆ ಭವನಕ್ಕೆ ಅದರ ಒಡೆಯನಿದ್ದಾನೆ ಎಂದದ್ದು, ಇವೆಲ್ಲ ಪ್ರವಾದಿ ಚರಿತ್ರೆಯ ಗ್ರಂಥಗಳಲ್ಲಿವೆ. ಕುರ್‌ಆನ್ ಇಷ್ಟು ವಿವರಕ್ಕೂ ಹೋಗುವುದಿಲ್ಲ. ಅಬ್ರಹನ ಹೆಸರಿಲ್ಲ, ಮಕ್ಕಾದ ಹೆಸರಿಲ್ಲ. ಆನೆ ಇದೆ, ಹಕ್ಕಿಗಳಿವೆ, ಕಲ್ಲುಗಳಿವೆ. ಕೊನೆಗೆ ದನ ಮೆಯ್ದು ಬಿಟ್ಟ ಹೊಟ್ಟಿನ ಹೋಲಿಕೆ. (ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಅಬಾಬೀಲ್ ಎಂದರೆ ಒಂದು ಜಾತಿಯ ಹಕ್ಕಿಯ ಹೆಸರೆಂದೇ ತಿಳಿದಿದ್ದಾರೆ. ಅರಬಿಯಲ್ಲಿ ಅದರರ್ಥ ಹಿಂಡುಹಿಂಡಾಗಿ ಎಂದು. ಹಕ್ಕಿ ಯಾವುದೆಂದು ಕುರ್‌ಆನ್ ಹೇಳಿಲ್ಲ.) ಇಲ್ಲಿ ಬೈರನ್‌ನ ಚಿನ್ನದ ಬಣ್ಣವೂ ಇಲ್ಲ, ಸತ್ತ ಸೈನಿಕನ ಮುಖದ ಇಬ್ಬನಿಯೂ ಇಲ್ಲ. ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ದನ ಬಿಡುವುದನ್ನು ನೋಡಿದ ನಮ್ಮ ಮಲೆನಾಡಿಗರಿಗೆ ಆ ಕೊನೆಯ ಮಾತು ಬೇಗ ಅರ್ಥವಾಗುತ್ತದೆ.

ಕುದುರೆಗಳ ಚಿತ್ರ ಕುರ್‌ಆನ್‌ನಲ್ಲೂ ಇದೆ, ಅಲ್‌ಆದಿಯಾತ್ ಅಧ್ಯಾಯದಲ್ಲಿ. ಏದುಸಿರು ಬಿಡುತ್ತ, ಗೊರಸಿನಿಂದ ಕಿಡಿ ಹಾರಿಸುತ್ತ, ಬೆಳಗಿನ ಜಾವ ಧೂಳೆಬ್ಬಿಸಿ ಶತ್ರುವಿನ ನಡುವೆ ನುಗ್ಗುವ ಕುದುರೆಗಳ ಆಣೆ ಹಾಕಿ ಅಲ್ಲಾಹನು ಮಾತು ಆರಂಭಿಸುತ್ತಾನೆ. ಅಲ್ಲೂ ಅದೇ ಓಟದ ಲಯ. ಆದರೆ ಆ ಓಟ ನಿಲ್ಲುವುದು ಶತ್ರುವಿನ ಸೋಲಿನಲ್ಲಲ್ಲ, ಮಾನವನು ತನ್ನ ಪ್ರಭುವಿಗೆ ಕೃತಘ್ನನಾಗಿದ್ದಾನೆಂಬ ಮಾತಿನಲ್ಲಿ. ಒಡೆಯನಿಗಾಗಿ ಕುದುರೆ ಸಾವಿನ ಬಾಯಿಗೆ ನುಗ್ಗುತ್ತದೆ, ಕುದುರೆಯ ಮೇಲೆ ಕುಳಿತವನು ತನ್ನ ಒಡೆಯನನ್ನು ಮರೆತಿದ್ದಾನೆ. ಯುದ್ಧದ ಚಿತ್ರ ತೋರಿಸಿ ಕೇಳುಗನನ್ನೇ ತಪ್ಪಿತಸ್ಥನ ಕಟಕಟೆಯಲ್ಲಿ ನಿಲ್ಲಿಸುವ ಈ ರೀತಿಗೂ ಬೈರನ್‌ನ ರೀತಿಗೂ ಇರುವ ವ್ಯತ್ಯಾಸ ಸಣ್ಣದಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಆನೆಯ ವರ್ಷದಲ್ಲಿ ಕಅಬಾದ ಸುತ್ತ ಇದ್ದವರು ಯಾರು? ಮುಸ್ಲಿಮರಲ್ಲ. ಪ್ರವಾದಿವರ್ಯರ(ಸ) ಜನನವೇ ಆ ವರ್ಷದ್ದು. ಭವನದ ಸುತ್ತ ವಿಗ್ರಹಗಳಿದ್ದವು, ಕುರೈಶರು ಅವುಗಳ ಪೂಜಾರಿಗಳಾಗಿದ್ದರು. ಬಂದ ಅಬ್ರಹನೋ ಗ್ರಂಥದವರಲ್ಲಿ ಒಬ್ಬ, ಕ್ರೈಸ್ತ. ಉಳಿದವರ ಯೋಗ್ಯತೆಗೆ ಸಿಕ್ಕಿದ ಬಹುಮಾನ ಅದಲ್ಲವೆಂಬುದು ಇದರಿಂದಲೇ ಸ್ಪಷ್ಟ. ಮುಂದಿನ ಕುರೈಶ್ ಅಧ್ಯಾಯ ಅದನ್ನೇ ಹೇಳುತ್ತದೆ: ಹಸಿವಿನಲ್ಲಿ ಉಣಿಸಿ ಭಯದಿಂದ ಕಾಪಾಡಿದ ಈ ಭವನದ ಒಡೆಯನನ್ನು ಇನ್ನಾದರೂ ಆರಾಧಿಸಿರಿ ಎಂದು. ಅಂದರೆ ಬಚಾವಾದವನ ಹೆಗಲ ಮೇಲೆ ಸಾಲ ಬಿದ್ದಿದೆ. ಎದೆಯುಬ್ಬಿಸಲು ಅದರಲ್ಲಿ ಏನೂ ಇಲ್ಲ.

ಅದೇ ಕಅಬಾದ ಮೇಲೆ ಆಮೇಲೂ ದಾಳಿಗಳಾದವು. 692ರಲ್ಲಿ ಹಜ್ಜಾಜನು ಮಕ್ಕಾಕ್ಕೆ ಮುತ್ತಿಗೆ ಹಾಕಿ ಕವಣೆ ಯಂತ್ರಗಳಿಂದ ಕಲ್ಲು ಹೊಡೆಸಿದನು. ಎಲ್ಲಕ್ಕಿಂತ ಭೀಕರವಾದುದು 930ರದ್ದು. ಖರಾಮಿತರು ಹಜ್ಜಿನ ದಿನಗಳಲ್ಲಿ ಹರಮ್‌ಗೆ ನುಗ್ಗಿ ಹಾಜಿಗಳನ್ನು ಕೊಂದು ಹಜರುಲ್ ಅಸ್ವದ್ ಕಲ್ಲನ್ನು ಕಿತ್ತೊಯ್ದರು. ಅದು ವಾಪಸು ಬಂದದ್ದು 951ರಲ್ಲಿ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ. ಆ ದಿನ ಅವರಲ್ಲೊಬ್ಬನು ಅಬಾಬೀಲ್ ಹಕ್ಕಿಗಳೆಲ್ಲಿ, ಸಿಜ್ಜೀಲಿನ ಕಲ್ಲುಗಳೆಲ್ಲಿ ಎಂದು ಗೇಲಿ ಮಾಡಿದನೆಂದು ಇಬ್ನು ಕಸೀರ್‌ರು ದಾಖಲಿಸಿದ್ದಾರೆ. ನಮ್ಮ ಮದ್ರಸದ ಹುಡುಗ ಕಣ್ಣೀರಿನಿಂದ ಕೇಳುವ ಪ್ರಶ್ನೆಯನ್ನು ಒಬ್ಬ ಕೊಲೆಗಡುಕ ಸಾವಿರ ವರ್ಷಗಳ ಹಿಂದೆ ನಗುತ್ತ ಕೇಳಿದ್ದ.

1373ರಲ್ಲಿ ತೀರಿಕೊಂಡ ಇಬ್ನು ಕಸೀರ್‌ರು ಆ ಪ್ರಶ್ನೆಯಿಂದ ಮುಖ ತಿರುಗಿಸಲಿಲ್ಲ. ಆನೆಯವರ ಕಾಲದಲ್ಲಿ ಆ ಭವನದ ಗೌರವ ಏನೆಂಬುದನ್ನು ಜನರಿಗೆ ತೋರಿಸಬೇಕಿತ್ತು, ಅಂತಿಮ ಪ್ರವಾದಿ ಬರುವವರಿದ್ದರು. ಖರಾಮಿತರ ಕಾಲಕ್ಕೆ ಪ್ರವಾದಿ ಬಂದು ಹೋಗಿದ್ದರು, ಧರ್ಮಶಾಸ್ತ್ರ ನೆಲೆಗೊಂಡಿತ್ತು, ಅವರು ಮಾಡಿದ್ದು ಘೋರ ಪಾಪವೆಂಬುದಕ್ಕೆ ಹೊಸ ಪುರಾವೆ ಬೇಕಿರಲಿಲ್ಲ. ಆದುದರಿಂದ ಅವರ ಲೆಕ್ಕವನ್ನು ಅಂತ್ಯದಿನಕ್ಕೆ ಬಿಡಲಾಯಿತು ಎಂಬುದು ಅವರ ವಿವರಣೆಯ ತಾತ್ಪರ್ಯ. ನನಗೆ ಈ ಉತ್ತರ ಒಪ್ಪಿಗೆಯಾಗಲು ಒಂದು ಕಾರಣವಿದೆ. ಅದರ ಪ್ರಕಾರ ಹಕ್ಕಿಗಳು ಒಂದು ಗುರುತು, ಅಲ್ಲಾಹನು ಒಮ್ಮೆ ತೋರಿಸಿದ ಗುರುತು. ನ್ಯಾಯ ನಡೆಸುವ ಅವನ ಖಾಯಂ ಪದ್ಧತಿ ಅದಲ್ಲ. ಹಕ್ಕಿಗಳು ಬರಲಿಲ್ಲವೆಂದರೆ ನ್ಯಾಯ ಸತ್ತಿತೆಂದಲ್ಲ. ನ್ಯಾಯ ಅನ್ಯಾಯ ಯಾವುದೆಂದು ಈಗ ನಮಗೆ ಗೊತ್ತಿದೆ, ಅದರಂತೆ ನಡೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಇನ್ನು, ಒಂದು ಸೈನ್ಯ ಕಾಯಿಲೆಯಿಂದಲೋ ಮಳೆಯಿಂದಲೋ ನಾಶವಾದರೆ ಅದು ದೇವಶಿಕ್ಷೆಯೆಂದು ಹೇಳುವ ಅಧಿಕಾರ ನಮಗಿದೆಯೇ? ಸನ್ಹೇರೀಬನ ಸೈನ್ಯಕ್ಕೆ ಏನಾಯಿತೆಂಬ ಬಗ್ಗೆ ಬೇರೆ ಮಾತುಗಳೂ ಇವೆ. ಅವನದೇ ಶಾಸನವಿರುವ ಆರು ಮುಖದ ಮಣ್ಣಿನ ಫಲಕ 1830ರಲ್ಲಿ ನಿನೆವೆಯಲ್ಲಿ ಸಿಕ್ಕಿತು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 46 ಕೋಟೆ ಊರುಗಳನ್ನು ಗೆದ್ದೆ, ಹಿಜ್ಕೀಯನನ್ನು ಅವನ ಊರಿನಲ್ಲೇ ಪಂಜರದ ಹಕ್ಕಿಯನ್ನಾಗಿ ಮಾಡಿದೆ ಎಂದೆಲ್ಲ ಅದರಲ್ಲಿ ಕೊಚ್ಚಿಕೊಂಡಿದ್ದಾನೆ. ಆದರೆ ಜೆರೂಸಲೇಮನ್ನು ಗೆದ್ದೆನೆಂದು ಹೇಳಿಲ್ಲ, ಸೈನ್ಯ ಸತ್ತಿತೆಂದಂತೂ ಹೇಳಿಯೇ ಇಲ್ಲ. ಹಿಜ್ಕೀಯನು ಕೊಟ್ಟ ಕಪ್ಪದಲ್ಲಿ 30 ತಲಾಂತು ಚಿನ್ನವಿತ್ತೆಂಬ ಲೆಕ್ಕ ಮಾತ್ರ ಬೈಬಲ್ಲಿನಲ್ಲೂ ಫಲಕದಲ್ಲೂ ಒಂದೇ. ಇತ್ತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನು ಈಜಿಪ್ಟಿನ ಗಡಿಯಲ್ಲಿ ಇಲಿಗಳ ಹಿಂಡು ಬಂದು ಸನ್ಹೇರೀಬನ ಸೈನಿಕರ ಬಿಲ್ಲಿನ ಹೆದೆಗಳನ್ನು ಕಡಿದುಹಾಕಿತೆಂಬ ಕಥೆ ಬರೆದಿದ್ದಾನೆ. ಇಲಿಗಳಿದ್ದರೆ ಪ್ಲೇಗ್ ಇದ್ದಿರಬೇಕೆಂದು ಈಚಿನ ವಿದ್ವಾಂಸರು ಊಹಿಸಿದ್ದಾರೆ.

ಪ್ಲೇಗೇ ಎಂದಿಟ್ಟುಕೊಳ್ಳೋಣ. ಈಗ ಇನ್ನೊಂದು ಪಾಳೆಯವನ್ನು ನೋಡಿರಿ. 639ರಲ್ಲಿ, ಹಝ್ರತ್ ಉಮರ್(ರ)ರ ಆಡಳಿತ ಕಾಲದಲ್ಲಿ, ಜೆರೂಸಲೇಮಿಗೆ ಬಹಳ ದೂರವಲ್ಲದ ಅಮ್ವಾಸ್ ಎಂಬಲ್ಲಿ ಮುಸ್ಲಿಮ್ ಸೈನ್ಯದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಸತ್ತವರು ಸುಮಾರು 25,000 ಎಂದು ನಮ್ಮ ಚರಿತ್ರಕಾರರು ಬರೆದಿದ್ದಾರೆ. ಅವರಲ್ಲಿ ಸಮುದಾಯದ ವಿಶ್ವಸ್ತನೆಂದು ಪ್ರವಾದಿವರ್ಯರೇ(ಸ) ಕರೆದ ಅಬೂ ಉಬೈದಾ(ರ) ಇದ್ದರು. ಹಲಾಲ್ ಹರಾಮಿನ ಜ್ಞಾನದಲ್ಲಿ ಎಲ್ಲರಿಗಿಂತ ಮುಂದಿದ್ದ ಮುಆದ್ ಬಿನ್ ಜಬಲ್(ರ) ಇದ್ದರು. ಅದೇ ನಾಡು, ಅದೇ ರೀತಿಯ ಸಾವು. ಹೊರಗಿನಿಂದ ನೋಡಿದವನೊಬ್ಬ ದೇವರು ಇವರನ್ನೂ ಹೊಡೆದನೆಂದು ಹಾಡು ಕಟ್ಟಬಹುದಿತ್ತು. ಆದರೆ ಪ್ಲೇಗಿನಲ್ಲಿ ಸತ್ತ ವಿಶ್ವಾಸಿಗೆ ಹುತಾತ್ಮನ ಸ್ಥಾನವಿದೆಯೆಂದು ಪ್ರವಾದಿವರ್ಯರು(ಸ) ಮೊದಲೇ ತಿಳಿಸಿದ್ದರು. ಹೆಣಗಳನ್ನು ನೋಡಿ ಯಾವುದು ಶಿಕ್ಷೆ ಯಾವುದು ಪುಣ್ಯ ಎಂದು ಗುರುತಿಸಲಾಗದು. ದಿವ್ಯವಾಣಿ ತಿಳಿಸಿದರೆ ಮಾತ್ರ ತಿಳಿಯುತ್ತದೆ. ಆ ದಿವ್ಯವಾಣಿ ಅಂತಿಮ ಪ್ರವಾದಿಯೊಂದಿಗೆ(ಸ) ಮುಗಿದಿದೆ. ಅಲ್‌ಫೀಲಿನ ಬಗ್ಗೆ ನಾವು ಖಚಿತವಾಗಿ ಮಾತಾಡಬಹುದು, ಅಲ್ಲಾಹನೇ ಹೇಳಿದ್ದಾನೆ. ನಿನ್ನೆ ಮೊನ್ನೆಯ ಭೂಕಂಪದ ಬಗ್ಗೆ ಹಾಗೆ ಮಾತಾಡುವವನು ತನಗಿಲ್ಲದ ಅಧಿಕಾರವನ್ನು ಕೈಗೆತ್ತಿಕೊಳ್ಳುತ್ತಾನೆ.

ಬೈರನ್ ಸತ್ತದ್ದೂ ಹೀಗೆಯೇ ಎಂಬುದು ವಿಚಿತ್ರ. ಉಸ್ಮಾನೀ ತುರ್ಕರ ವಿರುದ್ಧ ಗ್ರೀಕರು ದಂಗೆಯೆದ್ದಾಗ ಅವರ ಪರವಾಗಿ ಹೋರಾಡಲು ಹೋದ ಅವನು ಒಂದು ಯುದ್ಧವನ್ನೂ ಕಾಣದೆ 1824ರ ಏಪ್ರಿಲ್ 19ರಂದು ಮಿಸ್ಸೊಲೊಂಗಿ ಎಂಬಲ್ಲಿ ಜ್ವರದಿಂದ ಸತ್ತನು. ಆಗ ಅವನಿಗೆ 36 ವರ್ಷ. ಮುಸ್ಲಿಮರ ವಿರುದ್ಧ ಹೊರಟವನಿಗೆ ಮರಣದೂತನ ಉಸಿರು ತಾಗಿತೆಂದು ನಾವು ಹೇಳಿದರೆ, ಅಮ್ವಾಸಿನ ಬಗ್ಗೆ ಬೇರೆಯವರು ಹೇಳುವುದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ದೂರದ ಮಾತು ಸಾಕು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಕೆಳದಿ ಅರಸರ ನೆಲೆಗಳು ಹರಡಿಕೊಂಡಿವೆ. ಕೆಳದಿ, ಇಕ್ಕೇರಿಗಳು ಸಾಗರಕ್ಕೆ ಸೇರಿದವು. ಆಮೇಲಿನ ರಾಜಧಾನಿ ಬಿದನೂರು ಈಗಿನ ನಗರ, ಅದು ಹೊಸನಗರದಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿಯದು. ಭಾನುವಾರ ಮಕ್ಕಳನ್ನು ಕರೆದುಕೊಂಡು ನಗರದ ಕೋಟೆ ಹತ್ತುವವರು ಬುತ್ತಿ ಬಿಚ್ಚಿ ಉಂಡು ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಲ್ಲಿ ದೇವರು ಯಾರ ಪಕ್ಷದಲ್ಲಿದ್ದನೆಂಬ ಪ್ರಶ್ನೆ ಮಾತ್ರ ಯಾರೂ ಹೇಳದಿದ್ದರೂ ಗಾಳಿಯಲ್ಲಿ ಇದ್ದೇ ಇರುತ್ತದೆ. ಈಗಿನ ದಿನಗಳಲ್ಲಿ ಕೋಟೆಗಳಿಗೂ ಜಾತಿ ಮತಗಳನ್ನು ಹಚ್ಚುವವರಿದ್ದಾರಷ್ಟೆ.

1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವ ದಾರಿಯಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಶ್ರಯ ಬೇಡಿದನು. ಬಾದಶಹನ ಕೋಪ ಗೊತ್ತಿದ್ದೂ ಆಕೆ ಆಶ್ರಯ ಕೊಟ್ಟಳು. ಮೊಗಲ್ ಸೈನ್ಯ ಮಲೆನಾಡಿಗೆ ಬಂತು. ಇಲ್ಲಿನ ಕಾಡಿನಲ್ಲಿ, ಬಿಡದೆ ಸುರಿಯುವ ಮಳೆಯಲ್ಲಿ ಆ ಸೈನ್ಯ ಹೈರಾಣಾಗಿ ಹಿಂದಿರುಗಿತೆಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಬೈರನ್ ಇಲ್ಲಿ ಹುಟ್ಟಿದ್ದರೆ ಮಳೆಯನ್ನೇ ದೇವದೂತನನ್ನಾಗಿಸಿ ಹಾಡುತ್ತಿದ್ದನೇನೋ. ಮುಸ್ಲಿಮ್ ಬಾದಶಹನು ಹಿಂದೆ ಸರಿದ ಕಥೆ ಇದೆಂದು ನಮ್ಮವರು ಮುಜುಗರಪಡಬೇಕಾಗಿಲ್ಲ. ಬಹುದೇವಾರಾಧಕನೇ ಆದರೂ ಆಶ್ರಯ ಬೇಡಿ ಬಂದರೆ ಕೊಡಬೇಕು, ಅವನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆಂದು ಅತ್ತೌಬಃ ಅಧ್ಯಾಯದಲ್ಲಿ ಅಪ್ಪಣೆಯಿದೆ. ಆ ಒಂದು ವಿಷಯದಲ್ಲಿ ರಾಣಿಯ ನಡತೆ ಬಾದಶಹನ ನಡತೆಗಿಂತ ಈ ಅಪ್ಪಣೆಗೆ ಹತ್ತಿರವಾಗಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟನು. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಕೋಟೆಗೆ ಹೋದಳು. ಕಾಡು ಅದೇ, ಮಳೆ ಅದೇ, ಕಾಪಾಡಲಿಲ್ಲ. 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಅದೇ ಊರನ್ನು ಹಿಡಿಯಿತು, ಅದೇ ವರ್ಷ ಟಿಪ್ಪು ಸುಲ್ತಾನನು ಮರಳಿ ಪಡೆದನು. 1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದ ಬಳಿಕ, 1800ರ ಫೆಬ್ರವರಿಯಲ್ಲಿ ಇಂಗ್ಲಿಷರು ಕಲ್ಕತ್ತದ ಇಗರ್ಜಿಯಲ್ಲಿ ದೇವರಿಗೆ ಕೃತಜ್ಞತೆಯ ಪ್ರಾರ್ಥನೆ ಸಲ್ಲಿಸಿದರು. ನಾವು ಅವರ ಜಾಗದಲ್ಲಿದ್ದರೆ ಹಾಗೆಯೇ ಮಾಡುತ್ತಿದ್ದೆವು. ಮೂವತ್ತಾರು ವರ್ಷಗಳಲ್ಲಿ ಇಷ್ಟು ಬಾವುಟಗಳು ಹಾರಿ ಇಳಿದವು. ಪ್ರತಿ ಸಲವೂ ಗೆದ್ದವನ ಪಕ್ಷದಲ್ಲೇ ದೇವರಿದ್ದನೆಂದರೆ ದೇವರು ಸಂತೆಯಲ್ಲಿ ಪಕ್ಷ ಬದಲಿಸುವವನಾಗುತ್ತಾನೆ, ಅಲ್ಲಾಹನು ಕಾಪಾಡಲಿ. ಆಲಿ ಇಮ್ರಾನ್ ಅಧ್ಯಾಯದಲ್ಲಿ, ಸ್ವತಃ ಪ್ರವಾದಿವರ್ಯರೇ(ಸ) ಗಾಯಗೊಂಡ ಉಹುದ್ ಯುದ್ಧದ ನಂತರ, ಇಂತಹ ದಿನಗಳನ್ನು ತಾನು ಜನರ ನಡುವೆ ಸರದಿಯಂತೆ ತಿರುಗಿಸುತ್ತಿರುತ್ತೇನೆಂದು ಅಲ್ಲಾಹನು ತಿಳಿಸಿದನು. ಗೆಲುವು ಸತ್ಯದ ಪುರಾವೆಯಲ್ಲ, ಸೋಲು ಸುಳ್ಳಿನ ಪುರಾವೆಯಲ್ಲ.

ಹಾಗಾದರೆ ಬದ್ರ್? ಅಲ್ಲಿ ಅಲ್ಲಾಹನು ಸಹಾಯ ಮಾಡಿದನೆಂದು ಕುರ್‌ಆನೇ ಹೇಳುತ್ತದಲ್ಲ? ಹೌದು. ಆದರೆ ಅದನ್ನು ಹೇಳುವಾಗ ಗೆದ್ದವರ ಕೈಯಿಂದ ಗೆಲುವನ್ನು ಕಸಿದುಕೊಳ್ಳುತ್ತದೆ. ಅವರನ್ನು ಕೊಂದವರು ನೀವಲ್ಲ, ಎಸೆದದ್ದೂ ನೀವಲ್ಲ ಎಂಬ ಅರ್ಥದ ಮಾತು ಅಲ್‌ಅನ್ಫಾಲ್ ಅಧ್ಯಾಯದಲ್ಲಿದೆ. ಹುನೈನ್‌ನಲ್ಲಿ ಸಂಖ್ಯಾಬಲದಿಂದ ಬೀಗಿದವರಿಗೆ ಆ ಸಂಖ್ಯೆ ಕೆಲಸಕ್ಕೆ ಬರಲಿಲ್ಲವೆಂದೂ ನೆನಪಿಸಲಾಗಿದೆ.

ಮತ್ತೆ ಪದ್ಯಕ್ಕೆ. ನನ್ನನ್ನು ಅದರಲ್ಲಿ ಹೆಚ್ಚು ಕಾಡುವುದು ಕೊನೆಯಲ್ಲಿ ಬರುವ ಆ ವಿಧವೆಯರು. ಅರ್ಧ ಕ್ಷಣ ಅಳುತ್ತಾರೆ, ಕೂಡಲೇ ಕವಿ ಮುರಿದ ವಿಗ್ರಹಗಳ ಕಡೆಗೆ ತಿರುಗುತ್ತಾನೆ. (ಆ ವಿಗ್ರಹಗಳು ಬೈಬಲಿನ ಈ ಪ್ರಸಂಗದಲ್ಲಿಲ್ಲ, ಕವಿ ಸೇರಿಸಿದ್ದು. ಬಾಳನ ಗುಡಿ ಎನ್ನುತ್ತಾನೆ, ಅದು ಕಾನಾನಿನವರ ದೇವರ ಹೆಸರು. ಅಶ್ಶೂರದವರ ಮುಖ್ಯ ದೇವರು ಅಶ್ಶೂರನೆಂಬವನೇ.) ಆ ಸೈನಿಕರು ಆಕ್ರಮಣಕಾರರು ನಿಜ. ಅವರ ಮಕ್ಕಳೂ ಹೆಂಡಿರೂ ಆಕ್ರಮಣ ಮಾಡಿದವರಲ್ಲ. ನಮ್ಮದೇ ಜಿಲ್ಲೆಯ ಕುವೆಂಪು, ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯವರು, 1931ರಲ್ಲಿ 'ಸ್ಮಶಾನ ಕುರುಕ್ಷೇತ್ರ' ಎಂಬ ಪದ್ಯನಾಟಕ ಬರೆದಾಗ ಯುದ್ಧ ಮುಗಿದ ರಣರಂಗವನ್ನೇ ಆರಿಸಿಕೊಂಡರು. ಮುಂದೆ 'ಶ್ರೀರಾಮಾಯಣ ದರ್ಶನಂ'ನಲ್ಲಿ ಅವರು ರಾವಣನನ್ನು ಬರೀ ಕೊಲ್ಲಿಸಲಿಲ್ಲ. ಅವನ ಮನಸ್ಸನ್ನೇ ಬದಲಿಸಿದರು, ಕನಸಿನಲ್ಲಿ ಅವನನ್ನು ಸೀತೆಯ ಮಡಿಲ ಮಗುವನ್ನಾಗಿ ಮಾಡಿದರು. ಆ ಕಾವ್ಯದ ದರ್ಶನಕ್ಕೂ ನಮ್ಮ ವಿಶ್ವಾಸಕ್ಕೂ ಅಂತರವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೈವಶಕ್ತಿ ಎಂದರೆ ಶತ್ರುವನ್ನು ಕರಗಿಸುವುದು ಮಾತ್ರವೇ ಎಂಬ ಪ್ರಶ್ನೆಯನ್ನು ಬೈರನ್ ಎತ್ತಲಿಲ್ಲ, ಕುಪ್ಪಳಿಯ ಕವಿ ಎತ್ತಿದರು. ಯಹೂದಿಯೊಬ್ಬನ ಶವ ಹಾದುಹೋದಾಗ ಪ್ರವಾದಿವರ್ಯರು(ಸ) ಎದ್ದುನಿಂತರು, ಅವನು ಯಹೂದಿಯೆಂದು ತಿಳಿಸಿದವರಿಗೆ ಅದೂ ಒಂದು ಜೀವವಲ್ಲವೇ ಎಂದು ಕೇಳಿದರೆಂದು ಬುಖಾರಿಯಲ್ಲಿದೆ. ಅದನ್ನು ಓದಿದವರು ಆ ವಿಧವೆಯರನ್ನು ದಾಟಿ ಅಷ್ಟು ಬೇಗ ಮುಂದೆ ಹೋಗುವಂತಿಲ್ಲ.

ಆ ವಿಧವೆಯರ ಊರು ಯಾವುದು? ಸನ್ಹೇರೀಬನ ರಾಜಧಾನಿ ನಿನೆವೆ, ಇರಾಕಿನ ಮೋಸುಲ್ ಪಟ್ಟಣದ ಎದುರು ದಡದಲ್ಲಿದ್ದ ಊರು. ನಮ್ಮ ವ್ಯಾಖ್ಯಾನಕಾರರಿಗೂ ಅವನು ಅಪರಿಚಿತನಲ್ಲ. ಇಸ್ರಾ ಅಧ್ಯಾಯದ ಆರಂಭದ ಸೂಕ್ತಗಳನ್ನು ವಿವರಿಸುವಾಗ ಮೋಸುಲಿನ ರಾಜ ಸನ್‌ಹಾರೀಬ್ ಎಂಬ ಮಾತು ಸಈದ್ ಬಿನ್ ಜುಬೈರ್‌ರಿಂದ ಉದ್ಧರಿಸಲ್ಪಟ್ಟಿದೆ. ಆದರೆ ಮುಸ್ಲಿಮರು ನಿನೆವೆಯನ್ನು ಅರಿತಿರುವುದು ಬೇರೊಂದು ಕಾರಣಕ್ಕೆ. ಅದು ಯೂನುಸ್(ಅ)ರ ಊರು. ಅವರು ಎಚ್ಚರಿಕೆ ಕೊಟ್ಟರು, ಜನ ಕೇಳಲಿಲ್ಲ, ಸಿಟ್ಟಿನಿಂದ ಬಿಟ್ಟು ಹೋದರು, ಮೀನಿನ ಹೊಟ್ಟೆ ಸೇರಿದರು. ಅಷ್ಟರಲ್ಲಿ ಊರಿನವರು ಪಶ್ಚಾತ್ತಾಪಪಟ್ಟರು. ಬಂದಿದ್ದ ಶಿಕ್ಷೆ ಹಿಂದೆ ಸರಿಯಿತು. ಹಾಗೆ ವಿಶ್ವಾಸವಿಟ್ಟು ಬದುಕಿಕೊಂಡ ಜನಾಂಗ ಯೂನುಸರ ಜನಾಂಗ ಮಾತ್ರವೆಂದು ಅವರ ಹೆಸರಿನ ಅಧ್ಯಾಯದಲ್ಲಿದೆ. ಅಸ್ಸಾಫ್ಫಾತ್ ಅಧ್ಯಾಯ ಅವರ ಸಂಖ್ಯೆಯನ್ನೂ ಹೇಳುತ್ತದೆ: ಒಂದು ಲಕ್ಷ, ಅಥವಾ ಅದಕ್ಕಿಂತ ಹೆಚ್ಚು. ಒಂದು ಕಡೆ 1,85,000 ಮಂದಿ ಸತ್ತ ಲೆಕ್ಕ. ಇನ್ನೊಂದು ಕಡೆ ಅದೇ ಊರಿನಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಉಳಿದ ಲೆಕ್ಕ. ಎರಡನೆಯದರ ಮೇಲೆ ಕವಿಗಳು ಕುದುರೆಯ ಲಯದ ಪದ್ಯ ಬರೆಯುವುದಿಲ್ಲ.

ಆ ಊರಿನ ಒಂದು ದಿಬ್ಬದ ಮೇಲೆ ನಬಿ ಯೂನುಸ್ ಎಂಬ ಮಸೀದಿಯಿತ್ತು. 2014ರ ಜುಲೈಯಲ್ಲಿ, ಅಲ್ಲಾಹನ ಹೆಸರಿನಲ್ಲೇ ಕತ್ತಿ ಹಿಡಿದ ಒಂದು ಗುಂಪು ಅದನ್ನು ಸಿಡಿಮದ್ದಿಟ್ಟು ಉರುಳಿಸಿತು. ಅವರನ್ನು ಓಡಿಸಿದ ಮೇಲೆ 2017ರಲ್ಲಿ ನೋಡಿದಾಗ ದಿಬ್ಬದ ಅಡಿಯಲ್ಲಿ ಅವರು ತೋಡಿದ ಸುರಂಗಗಳಿದ್ದವು, ಸುರಂಗಗಳಲ್ಲಿ ಸನ್ಹೇರೀಬನ ಮಗ ಏಸರ್ಹದ್ದೋನನ ಅರಮನೆಯ ಅವಶೇಷಗಳಿದ್ದವು. ಸನ್ಹೇರೀಬನು ತನ್ನ ಮಕ್ಕಳಿಂದಲೇ ಕೊಲೆಯಾದ ಬಳಿಕ ಪಟ್ಟಕ್ಕೆ ಬಂದವನು ಅವನು.

ನಿನೆವೆಯವನೊಬ್ಬನು ಪ್ರವಾದಿವರ್ಯರ(ಸ) ಬದುಕಿನಲ್ಲೂ ಬರುತ್ತಾನೆ. ಮಕ್ಕಾದಲ್ಲಿ ನಿಲ್ಲಲಾಗದೆ ಅವರು ತಾಯಿಫ್‌ಗೆ ಹೋದರು. ಅಲ್ಲಿನವರು ಪುಂಡರನ್ನು ಛೂಬಿಟ್ಟು ಕಲ್ಲು ಹೊಡೆಸಿದರು, ಕಾಲಿನಿಂದ ನೆತ್ತರು ಹರಿಯಿತು. ಒಂದು ದ್ರಾಕ್ಷಿ ತೋಟದ ನೆರಳಿನಲ್ಲಿ ಕುಳಿತಾಗ ತೋಟದೊಡೆಯರ ಆಳು ಅದ್ದಾಸ್ ಎಂಬ ಕ್ರೈಸ್ತನು ಒಂದು ಗೊಂಚಲು ತಂದುಕೊಟ್ಟನು. ಯಾವ ಊರಿನವನೆಂದು ಕೇಳಿದಾಗ ನಿನೆವೆ ಎಂದನು. ಸಜ್ಜನ ಯೂನುಸರ ಊರಿನವನೋ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು, ಅವರು ನನ್ನ ಸಹೋದರರು ಎಂದರು. ಅದೇ ಪ್ರಯಾಣದಲ್ಲಿ ಪರ್ವತಗಳ ದೇವದೂತನು ಬಂದು, ತಾವು ಹೇಳಿದರೆ ಎರಡು ಬೆಟ್ಟಗಳ ನಡುವೆ ಇವರನ್ನು ಅರೆದುಬಿಡುತ್ತೇನೆ ಎಂದನು. ಕವಿಗಳು ಊಹಿಸಿದ ಶಕ್ತಿ ಅಲ್ಲಿ ಅಪ್ಪಣೆಗಾಗಿ ಕಾದು ನಿಂತಿತ್ತು. ಪ್ರವಾದಿವರ್ಯರು(ಸ) ಬೇಡವೆಂದರು. ಇವರ ಸಂತತಿಯಲ್ಲಾದರೂ ಅಲ್ಲಾಹನೊಬ್ಬನನ್ನೇ ಆರಾಧಿಸುವವರು ಬರಬಹುದೆಂಬುದು ಅವರ ಆಸೆಯಾಗಿತ್ತು. ಉಹುದ್‌ಗಿಂತ ಕಠಿಣವಾದ ದಿನವನ್ನು ಕಂಡಿದ್ದೀರಾ ಎಂದು ಕೇಳಿದ ಹಝ್ರತ್ ಆಯಿಶಾ(ರ)ರಿಗೆ ಅವರು ಈ ಘಟನೆಯನ್ನೇ ಹೇಳಿದರು.

ಮುಂದೆ 630ರಲ್ಲಿ ಮುಸ್ಲಿಮ್ ಸೈನ್ಯವೇ ತಾಯಿಫ್‌ಗೆ ಮುತ್ತಿಗೆ ಹಾಕಿತು. ಕೋಟೆ ಬೀಳಲಿಲ್ಲ, ಮುತ್ತಿಗೆ ತೆಗೆದು ಹಿಂದಿರುಗಬೇಕಾಯಿತು. ಸಖೀಫ್ ಗೋತ್ರವನ್ನು ಶಪಿಸಿರಿ ಎಂದು ಸಂಗಡಿಗರು ಕೇಳಿಕೊಂಡಾಗ ಪ್ರವಾದಿವರ್ಯರು(ಸ) ಅವರಿಗೆ ಸನ್ಮಾರ್ಗ ಕೊಡೆಂದು ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಹಿಜರಿ 9ನೇ ವರ್ಷ ರಮಝಾನ್ ತಿಂಗಳಲ್ಲಿ ಸಖೀಫಿನ ನಿಯೋಗ ತಾನಾಗಿಯೇ ಮದೀನಾಕ್ಕೆ ಬಂತು. ಕಲ್ಲು ಹೊಡೆಸಿದ ಊರಿನ ಆ ಜನರಿಗೆ ಮಸೀದಿಯ ಬಳಿಯಲ್ಲೇ ಡೇರೆ ಹಾಕಿಸಿಕೊಡಲಾಯಿತು, ನಮಾಝಿನಲ್ಲಿ ಓದುವ ಕುರ್‌ಆನ್ ಅವರ ಕಿವಿಗೆ ಬೀಳಲೆಂದು.